ಲೊಕ್ಕಿಗುಂಡಿಯ ಬಾವಿಯಲ್ಲಿ ಲಾರಿ ಹಾರ್ನ್: ಹಳೆಯ ಕಾಲದ ವಿಜ್ಞಾನ ಕಥೆಯನ್ನು ಕೇಳುನಾಟಕ ಮಾಡುವುದು ಹೇಗೆ

ಗದಗಿನ ಹತ್ತಿರದ ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಮೌನವನ್ನು ರೆಕಾರ್ಡ್ ಮಾಡುತ್ತಿದ್ದೆ. ಬೆಳಗಿನ ಹೊತ್ತು. ಒಂದು ಪಾರಿವಾಳ, ಗಾಳಿ, ನನ್ನ ಉಸಿರು, ಅಷ್ಟೇ. ಮೂರು ನಿಮಿಷ ಚೆನ್ನಾಗಿ ಬಂತು. ಆಮೇಲೆ ಹೆದ್ದಾರಿ 67ರಲ್ಲಿ ಹೋಗುತ್ತಿದ್ದ ಲಾರಿಯೊಂದು ಹಾರ್ನ್ ಹೊಡೆಯಿತು. ಆ ಸಪ್ಪಳ ಬಾವಿಯೊಳಗೆ ಇಳಿಯಿತು. ಮೂರು ಕಡೆಯ ಮೆಟ್ಟಿಲಿಗೂ ಬಡಿದು, ಯಾವುದೋ ದೊಡ್ಡ ಪ್ರಾಣಿ ಕೂಗಿದ ಹಾಗೆ ಕೇಳಿಸಿತು.

ಮನೆಗೆ ಬಂದು ಆ ತುಂಡನ್ನು ಕತ್ತರಿಸಿ ಹಾಕಲು ಕೂತೆ. ಹತ್ತು ಸಲ ಕೇಳಿದೆ. ಕತ್ತರಿಸಲು ಮನಸ್ಸಾಗಲಿಲ್ಲ. ಸಾವಿರ ವರ್ಷದ ಹಿಂದೆ ಇದೇ ನೆಲದಲ್ಲಿ ಕೂತಿದ್ದ ಒಬ್ಬ ಹುಡುಗಿಗೆ ಈ ಹಾರ್ನ್ ಕೇಳಿಸಿದ್ದರೆ ಅವಳು ಏನಂದುಕೊಳ್ಳುತ್ತಿದ್ದಳು?

ನಮ್ಮ ನಾಟಕ ಹುಟ್ಟಿದ್ದು ಈ ಪ್ರಶ್ನೆಯಿಂದ. ಆರು ಕಂತು. ಐದು ಜನ, ಎರಡು ಮೊಬೈಲು, ಏಳು ಕೌದಿ. ನಾನು ಬೆಟಗೇರಿಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಪ್ಪ ನೇಕಾರರು. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮಗ್ಗದ ಪಕ್ಕದಲ್ಲಿ ಸದಾ ರೇಡಿಯೊ ಇರುತ್ತಿತ್ತು. ನೇಯುವವರ ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿಗೆ ಮಾತ್ರ ಬಿಡುವು. ನಾಟಕ ಬಂದಾಗ ಅಪ್ಪ ಲಾಳಿಯ ವೇಗ ಕಡಿಮೆ ಮಾಡುತ್ತಿದ್ದರು. ಕೇಳುನಾಟಕ ಅಂದರೆ ಇವತ್ತಿಗೂ ನನಗೆ ಆ ನಿಧಾನವಾದ ಮಗ್ಗವೇ ನೆನಪಾಗುತ್ತದೆ.

ಇಂಥದ್ದೊಂದು ಮಾಡಬೇಕು ಅಂತ ನಿಮಗೂ ಅನಿಸಿದ್ದರೆ, ನಾವು ಮಾಡಿದ ದಾರಿಯನ್ನು ಹೇಳುತ್ತೇನೆ.

ಮೊದಲು ವರ್ಷ ಹುಡುಕಿ

"ಹಿಂದೆ ಒಂದಾನೊಂದು ಕಾಲದಲ್ಲಿ" ಅಂತ ಶುರು ಮಾಡಬೇಡಿ. ಒಂದು ವರ್ಷ ಆರಿಸಿ. ತಿಂಗಳೂ ಗೊತ್ತಿದ್ದರೆ ಇನ್ನೂ ಒಳ್ಳೆಯದು. ವರ್ಷ ಗಟ್ಟಿಯಾದರೆ ಯಾವ ಸದ್ದು ಇರಬೇಕು, ಯಾವುದು ಇರಬಾರದು ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ.

ನಾವು ಆರಿಸಿದ್ದು 1006. ಕಾರಣ ಹೇಳುತ್ತೇನೆ. ಆಗ ಲಕ್ಕುಂಡಿಯ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲ, ಸತ್ಯಾಶ್ರಯ ಇರಿವಬೆಡಂಗ ದೊರೆ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ವರ್ಷ 1007. ಅಂದರೆ 1006ರಲ್ಲಿ ಅಲ್ಲಿ ಉಳಿ ಸುತ್ತಿಗೆಗಳು ಮಾತಾಡುತ್ತಿದ್ದವು.

ಅದೇ 1006ರ ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ದಕ್ಷಿಣದ ಆಕಾಶದಲ್ಲಿ ಒಂದು ಹೊಸ ನಕ್ಷತ್ರ ಕಾಣಿಸಿಕೊಂಡಿತು. ಅದು ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ. ಮನುಷ್ಯರು ಬರೆದಿಟ್ಟ ದಾಖಲೆಗಳಲ್ಲೇ ಅತಿ ಹೆಚ್ಚು ಪ್ರಕಾಶದ ನಕ್ಷತ್ರ ಅದು. ಶುಕ್ರ ಗ್ರಹಕ್ಕಿಂತ ಎಷ್ಟೋ ಪಟ್ಟು ಹೊಳೆಯುತ್ತಿತ್ತು. ಚೀನಾ, ಜಪಾನ್, ಈಜಿಪ್ಟ್, ಸ್ವಿಟ್ಜರ್ಲೆಂಡಿನ ಒಂದು ಮಠ, ಎಲ್ಲ ಕಡೆಯೂ ಬರೆದಿಟ್ಟಿದ್ದಾರೆ. ಅದು ನಮ್ಮಿಂದ ಸುಮಾರು 7,000 ಜ್ಯೋತಿರ್ವರ್ಷ ದೂರ. ಲೊಕ್ಕಿಗುಂಡಿಯ ಆಕಾಶದಲ್ಲೂ ಅದು ಮೂಡಿತ್ತು. ನಮ್ಮ ಕಥೆಯ ಹುಡುಗಿ ಅದನ್ನು ನೋಡುತ್ತಾಳೆ.

ಇದನ್ನು ನೀವೇ ಪರೀಕ್ಷಿಸಬಹುದು. ಸ್ಟೆಲ್ಲೇರಿಯಂ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಊರು ಗದಗ ಅಂತ ಕೊಡಿ, ವರ್ಷ 1006ಕ್ಕೆ ಹಿಂದೆ ಹೋಗಿ. ಮೇ ಮೊದಲ ವಾರದಲ್ಲಿ ಆ ನಕ್ಷತ್ರ ಸಂಜೆ ಆಗ್ನೇಯದಲ್ಲಿ ಹುಟ್ಟಿ, ನಡುರಾತ್ರಿಗೆ ಸ್ವಲ್ಪ ಮುಂಚೆ ನೇರ ದಕ್ಷಿಣಕ್ಕೆ ಬರುತ್ತದೆ. ಬಾನಂಚಿನಿಂದ ನೆತ್ತಿಯವರೆಗಿನ ಎತ್ತರದಲ್ಲಿ ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಯುರೋಪಿನವರಿಗೆ ಅದು ಬಾನಂಚಿಗೆ ಅಂಟಿಕೊಂಡ ಹಾಗೆ ಕಂಡಿತ್ತು. ನಮ್ಮವರಿಗೆ ಎದ್ದು ಕಾಣುವಂತಿತ್ತು. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ಕಥೆಗೆ ಬೆನ್ನೆಲುಬಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಆ ನಕ್ಷತ್ರ ಸೂರ್ಯನ ಹತ್ತಿರ ಸರಿದು ಮರೆಯಾಯಿತು. ಚಳಿಗಾಲದಲ್ಲಿ ಮತ್ತೆ ಕಾಣಿಸಿತು ಅಂತ ಚೀನಾದವರು ಬರೆದಿದ್ದಾರೆ. ಬಂತು, ಹೋಯಿತು, ಮತ್ತೆ ಬಂತು. ನಾಟಕಕ್ಕೆ ಇದಕ್ಕಿಂತ ಒಳ್ಳೆಯ ಹಂದರ ಬೇಕಾ?

ಒಂದೇ ಸುಳ್ಳು

ವಿಜ್ಞಾನ ಕಥೆಯಲ್ಲಿ ಒಂದೇ ಒಂದು ಸುಳ್ಳು ಹೇಳಿ. ಅದಕ್ಕೆ ಕಟ್ಟುನಿಟ್ಟಾದ ನಿಯಮ ಹಾಕಿ. ಉಳಿದದ್ದೆಲ್ಲ ನಿಜವಿರಲಿ.

ನಮ್ಮ ಸುಳ್ಳು ಇದು: ಹೊಸ ನಕ್ಷತ್ರ ಬಾನಿನಲ್ಲಿ ಇರುವಷ್ಟು ಹೊತ್ತು, ಬಾವಿಯ ಮೆಟ್ಟಿಲಿಗೆ ಹಾಕಿದ ಒಂದು ಕಲ್ಲು ಮುಂದಿನ ಕಾಲದ ಸಪ್ಪಳ ಕೇಳಿಸುತ್ತದೆ. ನಿಯಮ ಮೂರು. ಕಲ್ಲು ಇರುವ ಜಾಗದ ಸಪ್ಪಳ ಮಾತ್ರ ಕೇಳಿಸಬೇಕು. ಕಲ್ಲಿಗೆ ಕಿವಿ ಹಚ್ಚಿದರೆ ಮಾತ್ರ ಕೇಳಿಸಬೇಕು. ಈ ಕಡೆಯಿಂದ ಆ ಕಡೆಗೆ ಮಾತು ಹೋಗಬಾರದು.

ಮೂರನೆಯ ನಿಯಮದ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆಯಾಯಿತು. ಹುಡುಗಿ ಉತ್ತರ ಕೊಟ್ಟರೆ ಕಥೆ ಓಡುತ್ತದೆ ಅಂತ ಇಬ್ಬರ ವಾದ. ನಾನು ಒಪ್ಪಲಿಲ್ಲ. ಉತ್ತರ ಕೊಡಲಾಗದೆ ಬರೀ ಕೇಳುತ್ತಾ ಕೂತವಳ ಜೊತೆಗೆ ನಮ್ಮ ಕೇಳುಗರೂ ಕೂರುತ್ತಾರೆ. ಅವರ ಕೈಯಲ್ಲೂ ಇರುವುದು ಕಿವಿ ಮಾತ್ರ ತಾನೇ?

ಕಲ್ಲನ್ನೇ ಯಾಕೆ ಆರಿಸಿದೆವು ಅನ್ನುವುದಕ್ಕೂ ನೆಲದ ಕಾರಣ ಇದೆ. ಬಾದಾಮಿ, ಐಹೊಳೆಯ ಗುಡಿಗಳು ಮರಳುಗಲ್ಲಿನವು. ಲಕ್ಕುಂಡಿಯಲ್ಲಿ ಬಳಸಿದ್ದು ಹಸಿರು ಛಾಯೆಯ, ಪದರು ಪದರಾದ ಮೆದುಗಲ್ಲು. ಬ್ರಹ್ಮ ಜಿನಾಲಯ ಈ ಕಲ್ಲಿನಲ್ಲಿ ಕಟ್ಟಿದ ಮೊದಲ ಗುಡಿಗಳಲ್ಲಿ ಒಂದು. ಅಂದರೆ ಅಲ್ಲಿ ಉಳಿ ಹಿಡಿದಿದ್ದ ರೂವಾರಿಗಳಿಗೆ ಅದು ಹೊಸ ಕಲ್ಲು. ಹೊಸ ಕಲ್ಲು, ಹೊಸ ನಕ್ಷತ್ರ. ಸುಳ್ಳು ಹುಟ್ಟಬೇಕಾದ್ದು ಇಂಥ ಜಾಗದಲ್ಲಿ. ಆಗ ಕೇಳುಗರು ಅದನ್ನು ಒಪ್ಪಿಕೊಳ್ಳುತ್ತಾರೆ.

ಪಾತ್ರಗಳು ಈ ಕಾಲದ ವಿಜ್ಞಾನ ಮಾತಾಡಬಾರದು. ಆದರೆ ದಡ್ಡರೂ ಆಗಬಾರದು. ಗ್ರಹಣ ಯಾವಾಗ ಅಂತ ಲೆಕ್ಕ ಹಾಕುವ ಜನ ಅವರು. ಗ್ರಹಣದ ದಿನ ಕೊಟ್ಟ ದಾನಗಳು ಶಾಸನಗಳಲ್ಲಿ ಎಷ್ಟೊಂದಿವೆ. 1049ರಲ್ಲಿ ನರಗುಂದದ ಶ್ರೀಧರಾಚಾರ್ಯರು ಜ್ಯೋತಿಷ್ಯವನ್ನು ಕನ್ನಡದಲ್ಲೇ ಬರೆದರು. ಹಾಗಾಗಿ ನಮ್ಮ ಹುಡುಗಿ ನಕ್ಷತ್ರ ಕಂಡು ಕಿರುಚುವುದಿಲ್ಲ. ಅದು ನಿನ್ನೆಗಿಂತ ಎಷ್ಟು ಸರಿದಿದೆ ಅಂತ ಗುಡಿಯ ಕಂಬಕ್ಕೆ ಕಣ್ಣು ಹಚ್ಚಿ ಅಳೆಯುತ್ತಾಳೆ.

ಸಪ್ಪಳಗಳನ್ನು ಕಳೆಯಿರಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಹಳೆಯ ಕಾಲ ಅಂದ ತಕ್ಷಣ ಎಲ್ಲರೂ ಸಪ್ಪಳ ಸೇರಿಸಲು ಹೋಗುತ್ತಾರೆ. ಶಂಖ, ಕಹಳೆ, ಕುದುರೆ, ಕತ್ತಿ. ಬೇಡ. ಮೊದಲು ಕಳೆಯಿರಿ. ನಿಮ್ಮ ಮನೆಯಲ್ಲಿ ಕೂತು ಹತ್ತು ನಿಮಿಷ ಕಿವಿಗೆ ಬಿದ್ದ ಸಪ್ಪಳವನ್ನೆಲ್ಲ ಬರೆಯಿರಿ. ಒಂದೊಂದಾಗಿ ಹೊಡೆದು ಹಾಕುತ್ತಾ ಬನ್ನಿ. ಫ್ಯಾನ್, ಮೋಟರು, ಕುಕ್ಕರ್ ಸೀಟಿ ಸುಲಭ. ಕಷ್ಟ ಆಮೇಲೆ ಇದೆ.

ಮೊದಲ ಕಂತಿನಲ್ಲಿ ನಾವು ಅಪ್ಪನ ಕುಣಿಮಗ್ಗದ ಸಪ್ಪಳ ಹಾಕಿದ್ದೆವು. ಖಟ್, ಖಟ್, ಖಟ್. ಕೈಮಗ್ಗ ಹಳೆಯದು, ಅದರ ಸಪ್ಪಳವೂ ಹಳೆಯದು ಅಂದುಕೊಂಡಿದ್ದೆ. ಅಪ್ಪನಿಗೆ ಕೇಳಿಸಿದೆ. "ಇದು ಹಗ್ಗ ಎಳೆಯೋ ಮಗ್ಗ ಅಲ್ವಾ? ಆಗ ಹಗ್ಗ ಇತ್ತಾ?" ಅಂದರು. ಹುಡುಕಿದೆ. ಹಗ್ಗ ಎಳೆದು ಲಾಳಿ ಹಾರಿಸುವ ವಿಧಾನವನ್ನು ಜಾನ್ ಕೇ ಎಂಬಾತ ಇಂಗ್ಲೆಂಡಿನಲ್ಲಿ ಮಾಡಿದ್ದು 1733ರಲ್ಲಿ. ಬೆಟಗೇರಿಯ ಓಣಿಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿದ ಆ ಖಟ್ ಖಟ್‌ಗೆ ಮುನ್ನೂರು ವರ್ಷವೂ ತುಂಬಿಲ್ಲ!

ಅಪ್ಪ ಮಗ್ಗಕ್ಕೆ ಇಳಿದರು. ಹಗ್ಗ ಬಿಚ್ಚಿದರು. ಲಾಳಿಯನ್ನು ಬಲಗೈಯಿಂದ ತಳ್ಳಿ ಎಡಗೈಯಲ್ಲಿ ಹಿಡಿದರು. ಸರ್ ಅಂತ ನೂಲಿನ ಮೇಲೆ ಜಾರುವ ಸದ್ದು, ಅಂಗೈಗೆ ಬಂದಾಗ ಟಪ್, ಆಮೇಲೆ ಫಣಿಯ ಒಂದು ಮೆತ್ತನೆಯ ಬಡಿತ. ನಡುವೆ ಬೇಕಾದಷ್ಟು ಮೌನ. ಅಪ್ಪ ಹಾಗೆ ಒಂದು ಗೇಣು ನೇಯ್ದರು. ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ನಾಟಕದಲ್ಲಿ ಬಳಸಿದ್ದು ನಲವತ್ತು ಸೆಕೆಂಡು.

ಊಟದ ಸಪ್ಪಳದಲ್ಲೂ ಇಂಥದ್ದೇ ಆಯಿತು. ತಾಯಿ ಮೆಣಸಿನಕಾಯಿ ಒಗ್ಗರಣೆ ಹಾಕುತ್ತಾಳೆ, ಹುಡುಗಿ ಕೆಮ್ಮುತ್ತಾಳೆ ಅಂತ ಬರೆದಿದ್ದೆವು. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರು ಭಾರತಕ್ಕೆ ಬಂದಿದ್ದು 1498ರಲ್ಲಿ, ಅದು ಬಂದಿದ್ದು ಅವರ ಹಿಂದೆ. ಪಕ್ಕದಲ್ಲೇ ಬ್ಯಾಡಗಿ ಇರುವ ನಮಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಶೇಂಗಾ, ಆಲೂಗಡ್ಡೆ, ಟೊಮೆಟೊ, ಗೋವಿನಜೋಳ ಎಲ್ಲವೂ ಹಾಗೆಯೇ ಆಮೇಲೆ ಬಂದವು. ಹಾಗಾಗಿ ಶೇಂಗಾ ಸುಲಿಯುವ ದೃಶ್ಯ ಹೋಯಿತು. ಜೋಳದ ರೊಟ್ಟಿ ಬಡಿಯುವ ಸಪ್ಪಳ ಉಳಿಯಿತು. ಮೆಣಸು ಕುಟ್ಟುವುದು ಉಳಿಯಿತು. ಸಂಗೀತಕ್ಕೆ ಹಾರ್ಮೋನಿಯಂ, ಪಿಟೀಲು ಬೇಡ. ಕೊಳಲು, ಮದ್ದಳೆ, ತಾಳ ಸಾಕು.

ಋತುವನ್ನೂ ಮರೆಯಬೇಡಿ. ರಾತ್ರಿ ಅಂದರೆ ಕಪ್ಪೆ ಸದ್ದು ಹಾಕುವುದು ಎಲ್ಲರ ಚಟ. ಮೇ ತಿಂಗಳ ಬಿರುಬಿಸಿಲಿಗೆ ನಮ್ಮ ಕಡೆ ಕಪ್ಪೆ ಎಲ್ಲಿ ಕೂಗುತ್ತದೆ? ಕೋಗಿಲೆ ಕೂಗುತ್ತದೆ. ದೂರದಲ್ಲಿ ಗುಡುಗುತ್ತದೆ. ಕಪ್ಪೆಗಳನ್ನು ಮೂರನೆಯ ಕಂತಿನ ಮಳೆಗೆ ಇಟ್ಟುಕೊಂಡೆವು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅವು ಬೆಳಗಿನ ಜಾವ ಒಟ್ಟಿಗೆ ಏಳುವ ಸಪ್ಪಳ ನನ್ನ ಬಳಿ ಇತ್ತು. ಮೇ ತಿಂಗಳ ಕಥೆಯಲ್ಲಿ ಅದಕ್ಕೆ ಜಾಗವಿಲ್ಲ ಅಂತ ಬೇಜಾರಾಗಿದ್ದೆ. ನಕ್ಷತ್ರ ಚಳಿಗಾಲದಲ್ಲಿ ಮರಳಿತು ಅಂತ ಓದಿದ ಮೇಲೆ ಕೊನೆಯ ಕಂತು ಆ ಹಕ್ಕಿಗಳಿಂದಲೇ ಶುರುವಾಯಿತು.

ಇಷ್ಟೆಲ್ಲ ಕಳೆದ ಮೇಲೆ ಉಳಿದ ಲೊಕ್ಕಿಗುಂಡಿ ತುಂಬಾ ಶಾಂತವಾಗಿತ್ತು. ಆ ಶಾಂತಿಯೊಳಗೆ ಹಾರ್ನ್ ಕೇಳಿಸಿದಾಗ ರೆಕಾರ್ಡಿಂಗ್ ಕೋಣೆಯಲ್ಲಿದ್ದ ನಾವೇ ಬೆಚ್ಚಿದೆವು. ದಿನಕ್ಕೆ ನೂರು ಸಲ ಕೇಳುವ ಹಾರ್ನ್ ಅದು.

ಯಾವ ಕನ್ನಡ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಪೂರ್ತಿ ಹಳಗನ್ನಡ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಪುಸ್ತಕದ ಕನ್ನಡ ಬರೆದರೆ ಪೌರಾಣಿಕ ಸಿನಿಮಾದ ಹಾಗಾಗುತ್ತದೆ. ನಾವು ನಮ್ಮ ಗದಗಿನ ಮಾತನ್ನೇ ಇಟ್ಟುಕೊಂಡು, ಅದರಿಂದ ಆಮೇಲೆ ಸೇರಿದ ಪದಗಳನ್ನು ಹೆಕ್ಕಿ ತೆಗೆದೆವು. ಪಾರಸಿ, ಅರಬ್ಬಿ, ಪೋರ್ಚುಗೀಸ್ ಕಡೆಯಿಂದ ಬಂದ ಪದಗಳು ನಮ್ಮ ಬಾಯಲ್ಲಿ ಎಷ್ಟಿವೆ ಅಂತ ಆಗ ಗೊತ್ತಾಯಿತು. ಜಲ್ದಿ, ಖಾಲಿ, ರಸ್ತೆ, ಆವಾಜ, ತಯಾರು, ಬಾಕಿ, ಕುರ್ಚಿ, ಚಾವಿ, ಕಾಗದ. ಜಲ್ದಿ ಹೋಗಿ ಬೇಗ ಬಂತು. ಖಾಲಿ ಹೋಗಿ ಬರಿದು ಬಂತು. ಆವಾಜ ಹೋಗಿ ದನಿ, ಸಪ್ಪಳ ಬಂದವು. ರಸ್ತೆಗೆ ಹಳೆಯ ಪದ ಬಟ್ಟೆ ಅಂತಲೂ ಇದೆ, ಆದರೆ ಕೇಳುವವರು ಸೀರೆ ಅಂದುಕೊಳ್ಳುತ್ತಾರೆ. ದಾರಿ ಅಂತಲೇ ಇಟ್ಟೆವು.

"ಒಂದು ನಿಮಿಷ ಇರು" ಅನ್ನುವ ಮಾತೂ ಹೋಯಿತು. ನಿಮಿಷ ಅಂದರೆ ಆಗ ಕಣ್ಣು ಮಿಟುಕಿಸುವಷ್ಟು ಹೊತ್ತು. ಹೊತ್ತಿನ ಅಳತೆ ಗಳಿಗೆ. ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ ನಮ್ಮ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿ ಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ನಾವೂ ಒಂದು ಬಟ್ಟಲಿಗೆ ತೂತು ಕೊರೆದು ಬಕೆಟ್ಟಿನಲ್ಲಿ ಬಿಟ್ಟೆವು. ಮುಳುಗುವಾಗ ಗುಳುಕ್ ಅನ್ನುತ್ತದೆ, ಎಷ್ಟು ಚೆಂದದ ದನಿ! ದೃಶ್ಯ ಬದಲಾಗುವಾಗೆಲ್ಲ ಅದೇ ಬರುತ್ತದೆ. ನಮ್ಮ ಒಂದು ಕಂತು ಅರ್ಧ ಗಳಿಗೆ, ಅಂದರೆ 12 ನಿಮಿಷ. ನಮಗೆ ಅದು ಕೈಬರಹದಲ್ಲಿ ಒಂಬತ್ತು ಪುಟ.

ಹೆಸರುಗಳಿಗೆ ಶಾಸನಗಳನ್ನು ನೋಡಿ. ಹೆಂಗಸರಿಗೆ ಅಬ್ಬೆ, ಅಕ್ಕ ಅಂತ ಕೊನೆಯಾಗುವ ಹೆಸರು, ಗಂಡಸರಿಗೆ ಅಯ್ಯ, ಅರಸ. ನಮ್ಮ ಹುಡುಗಿ ಮಾಚಬ್ಬೆ. ಹನ್ನೆರಡು ವರ್ಷ. ಅಪ್ಪ ಕಲ್ಲುಕುಟಿಗ.

ನಿಜವಾಗಿ ಬದುಕಿದ್ದ ದೊಡ್ಡವರ ಬಾಯಿಗೆ ಮಾತು ತುರುಕಬೇಡಿ. ಅತ್ತಿಮಬ್ಬೆ ನಮ್ಮ ನಾಟಕದಲ್ಲಿ ಒಂದು ಮಾತೂ ಆಡುವುದಿಲ್ಲ. ಅವರು ಗುಡಿಯ ಕೆಲಸ ನೋಡಲು ಬಂದಾಗ ಉಳಿಗಳ ಸಪ್ಪಳ ಒಂದೊಂದಾಗಿ ನಿಲ್ಲುತ್ತದೆ. ಬರಿಗಾಲಿನ ಹೆಜ್ಜೆ. ಮತ್ತೆ ಉಳಿಗಳು ಶುರು. ಅವರು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಎಲ್ಲರಿಗೂ ಗೊತ್ತು. ಸಾವಿರ ಪ್ರತಿಗೆ ಎಂಥ ಸಪ್ಪಳ ಇದ್ದಿರಬೇಕು ಅಂತ ಯೋಚಿಸಿದ್ದೀರಾ? ನಾಟಕದಲ್ಲಿ ಅದು ಒಬ್ಬ ಮುದುಕನ ನೆನಪು. ಒಣಗಿದ ತಾಳೆಗರಿಯ ಮೇಲೆ ಕಂಪಾಸಿನ ಮೊನೆಯಿಂದ ಗೀಚಿ ರೆಕಾರ್ಡ್ ಮಾಡಿದೆವು. ನಲವತ್ತು ಪದರು ಹಾಕಿದೆವು. ಪ್ರತಿ ಪದರನ್ನೂ ಸ್ವಲ್ಪ ಹಿಂದೆ ಮುಂದೆ ಸರಿಸಬೇಕು. ಇಲ್ಲದಿದ್ದರೆ ನಲವತ್ತು ಜನ ಬರೆದ ಹಾಗೆ ಕೇಳುವುದಿಲ್ಲ, ಒಬ್ಬನೇ ಜೋರಾಗಿ ಗೀಚಿದ ಹಾಗೆ ಕೇಳುತ್ತದೆ.

ಬರೆಯುವಾಗ

ಒಂದು ದೃಶ್ಯದಲ್ಲಿ ಮೂರು ದನಿಗಿಂತ ಜಾಸ್ತಿ ಬೇಡ. ಎರಡು ಹೆಣ್ಣು ದನಿ ಒಂದೇ ಥರ ಇದ್ದರೆ ಒಂದನ್ನು ಬದಲಾಯಿಸಿ. "ನೋಡು, ಆ ನಕ್ಷತ್ರ ಎಷ್ಟು ಹೊಳೀತಿದೆ" ಅಂತ ಪಾತ್ರದಿಂದ ವರ್ಣನೆ ಹೇಳಿಸಬೇಡಿ. ಬೆಳಕಿಗೆ ಏನಾಗುತ್ತದೆ ಅಂತ ಕೇಳಿಸಿ. ನಮ್ಮ ನಾಟಕದಲ್ಲಿ ನಡುರಾತ್ರಿ ಕಾಗೆಗಳು ಎದ್ದು ಕೂಗುತ್ತವೆ, ಒಂದು ಕೋಳಿ ತಪ್ಪಾಗಿ ಕೂಗುತ್ತದೆ. ಅಷ್ಟಕ್ಕೇ ಬೆಳಕು ಗೊತ್ತಾಗುತ್ತದೆ.

ಮೊದಲ ಕಂತಿನ ಕೊನೆ ಹೀಗಿದೆ:

ಮಾಚಬ್ಬೆ: ಅಪ್ಪಾ, ಈ ಕಲ್ಲಿಗೆ ಕಿವಿ ಹಚ್ಚು.

ಅಪ್ಪ: ಹೊತ್ತಾತು. ಮ್ಯಾಲೆ ಬಾ.

ಮಾಚಬ್ಬೆ: ಒಂದ್ಸಲ.

(ಅಪ್ಪ ಇಳಿಯುವ ಹೆಜ್ಜೆ, ಏಳು. ಮೌನ. ಬಹಳ ದೂರದಲ್ಲಿ ಹಾರ್ನ್.)

ಅಪ್ಪ: ...ಆನೆ.

ಮಾಚಬ್ಬೆ: ಆನಿ ನಡುವ ಉಸಿರು ತಗೋತದ. ಇದು ತಗೊಳ್ಳಂಗಿಲ್ಲ.

ಅವಳು ಹೆದರಿದಳು ಅಂತ ಎಲ್ಲೂ ಬರೆದಿಲ್ಲ. ಅವಳು ಗಮನಿಸಿದಳು. ವಿಜ್ಞಾನ ಕಲಿಸುವವಳಾಗಿ ನನಗೆ ಈ ನಾಟಕದಲ್ಲಿ ಅತಿ ಪ್ರೀತಿಯ ಸಾಲು ಅದು. ಕೊನೆಯ ಸಾಲಿನ ಆಮೇಲೆ ಐದು ಸೆಕೆಂಡು ಏನೂ ಹಾಕಿಲ್ಲ.

ಕೌದಿ ಕೋಣೆ

ಸ್ಟುಡಿಯೊ ಬೇಡ. ನಮ್ಮ ಅಜ್ಜಿ ಹೊಲಿದ ಕೌದಿಗಳು ಸಾಕಾದವು. ಮನೆಯ ಅತಿ ಚಿಕ್ಕ ಕೋಣೆ ಆರಿಸಿ. ಮೂರು ಗೋಡೆಗೆ ಕೌದಿ ಇಳಿಬಿಡಿ, ಒಂದು ನೆಲಕ್ಕೆ, ಒಂದನ್ನು ಹಗ್ಗದ ಮೇಲೆ ತಲೆಯ ಮೇಲ್ಗಡೆ ಕಟ್ಟಿ. ಹಳೆಯ ಸೀರೆಗಳ ನಾಲ್ಕೈದು ಪದರು ಸೇರಿದ ಕೌದಿ ದನಿಯನ್ನು ಹೀರಿಕೊಳ್ಳುತ್ತದೆ. ಗೋಡೆಗೆ ಪೂರ್ತಿ ಅಂಟಿಸಬೇಡಿ. ನಾಲ್ಕು ಬೆರಳು ಬಿಟ್ಟು ಕಟ್ಟಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಚಪ್ಪಾಳೆ ತಟ್ಟಿ ನೋಡಿ. ಸದ್ದು ಹಿಂದೆ ಬರದೆ ಅಲ್ಲೇ ಸತ್ತರೆ ಕೋಣೆ ಸಿದ್ಧ.

ಗುಡಿಯ ಮೊಳಗು, ಬಾವಿಯ ಮೊಳಗು ಎಲ್ಲ ಆಮೇಲೆ ಸೇರಿಸಬಹುದು. ರೆಕಾರ್ಡ್ ಮಾಡುವಾಗಲೇ ಸೇರಿಕೊಂಡ ಕೋಣೆಯ ಮೊಳಗನ್ನು ತೆಗೆಯುವುದು ಬಲು ಕಷ್ಟ. ಅದಕ್ಕೇ ಇಷ್ಟು ಶ್ರಮ.

ಬಾಯಿಂದ ಮೈಕಿಗೆ ಒಂದು ಗೇಣು. ಪಿಸುಮಾತಿಗೆ ಅರ್ಧ ಗೇಣು, ಸ್ವಲ್ಪ ಪಕ್ಕಕ್ಕೆ ಮುಖ ತಿರುಗಿಸಿ. ಕೂಗುವ ಮಾತಿಗೆ ಎರಡು ಮೊಳ ಹಿಂದೆ ಸರಿಯಿರಿ. ಪ, ಬ ಅಕ್ಷರಗಳ ಗಾಳಿ ಮೈಕಿಗೆ ಹೊಡೆಯದಿರಲು ಕಸೂತಿಯ ಬಳೆಗೆ ತೆಳು ಬಟ್ಟೆ ಬಿಗಿದು ಮುಂದೆ ಇಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಇರಲಿ. ಅತಿ ಜೋರಿನ ಮಾತೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟಬಾರದು. ಪ್ರತಿ ಸಲವೂ ಕೋಣೆಯ ಬರೀ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎರಡು ಮಾತಿನ ನಡುವೆ ತುಂಬಲು ಅದೇ ಬೇಕಾಗುತ್ತದೆ.

ಮಕ್ಕಳ ದನಿ ಬಳಸುವುದಾದರೆ ಮನೆಯವರ ಒಪ್ಪಿಗೆ ಪಡೆಯಿರಿ. ಒಮ್ಮೆಗೆ ಅರ್ಧ ಗಂಟೆಗಿಂತ ಜಾಸ್ತಿ ಕೂರಿಸಬೇಡಿ, ಕೌದಿ ಕೋಣೆಯಲ್ಲಿ ಸೆಖೆ ಜಾಸ್ತಿ.

ಉಳಿಯ ಸಪ್ಪಳಕ್ಕೆ ಒಂದು ಮಾತು. ಗಟ್ಟಿ ಕಪ್ಪುಕಲ್ಲಿನ ಮೇಲೆ ಹೊಡೆದರೆ ಠಣ್ ಅನ್ನುತ್ತದೆ. ಲಕ್ಕುಂಡಿಯ ಮೆದುಗಲ್ಲು ಟುಕ್ ಅನ್ನುತ್ತದೆ. ನಾವು ಬಳಪದ ಕಲ್ಲಿನ ತುಂಡು ತಂದು ಹೊಡೆದೆವು. ಮಳೆಗೆ ಮೊರದಲ್ಲಿ ಜೋಳ ಆಡಿಸಿದೆವು. ಅದು ನೀರಿನ ಮಳೆಗಿಂತ ಹೆಚ್ಚು ಮಳೆಯ ಹಾಗೆ ಕೇಳುತ್ತದೆ. ಕಪ್ಪತಗುಡ್ಡದ ಗಾಳಿಯನ್ನು ರೆಕಾರ್ಡ್ ಮಾಡಲು ಹೋಗಿದ್ದೆವು, ಗಾಳಿಯಂತ್ರಗಳ ಗುಂಯ್‌ಗುಡುವಿಕೆ ಸೇರಿಕೊಂಡಿತ್ತು. ಅದನ್ನು ಎಸೆಯಲಿಲ್ಲ. ನಾಲ್ಕನೆಯ ಕಂತಿನಲ್ಲಿ ಕಲ್ಲಿನೊಳಗಿಂದ ಬರುವ ಸಪ್ಪಳಗಳ ತಳಕ್ಕೆ ಅದನ್ನೇ ಹಾಸಿದೆವು.

ಹಳೆಯ ಗುಡಿ, ಬಾವಿಗಳಲ್ಲಿ ರೆಕಾರ್ಡ್ ಮಾಡುವಾಗ ಸ್ಟ್ಯಾಂಡು, ಸಾಮಾನು ಒಯ್ಯುವುದಿದ್ದರೆ ಮೊದಲು ಅಲ್ಲಿಯವರ ಅನುಮತಿ ಕೇಳಿ. ಕಲ್ಲಿಗೆ ಏನನ್ನೂ ಬಡಿಯಬೇಡಿ. ಒಂದೇ ಒಂದು ಚಪ್ಪಾಳೆ ಸಾಕು. ಆ ಚಪ್ಪಾಳೆಯ ಬಾಲವನ್ನು ರೀಪರ್‌ನಂಥ ಸಾಫ್ಟ್‌ವೇರಿಗೆ ಕೊಟ್ಟರೆ, ಕೌದಿ ಕೋಣೆಯ ಮಾತು ಆ ಬಾವಿಯೊಳಗೆ ಆಡಿದ ಹಾಗೆ ಕೇಳಿಸುತ್ತದೆ. ನನಗೆ ಇವತ್ತಿಗೂ ಇದು ಮಾಯೆ ಅನಿಸುತ್ತದೆ.

ಜೋಡಿಸುವುದು

ಕತ್ತರಿಸಿ ಅಂಟಿಸಲು ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅದೇ ಸಾಕು. ಕೊನೆಗೆ ಒಟ್ಟು ಜೋರು ಮೈನಸ್ 16 ಎಲ್‌ಯುಎಫ್‌ಎಸ್ ಹತ್ತಿರ ಇರಲಿ (ಸದ್ದು ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ ಅದು).

ಒಂದು ಪಾಠವನ್ನು ಮಾತ್ರ ಬಿಡಿಸಿ ಹೇಳಬೇಕು. ಕಲ್ಲಿನ ಮೂಲಕ ಬಂದ ಸಪ್ಪಳ ಮಂಕಾಗಿರಬೇಕು ಅಂತ ನಾವು ಮೇಲಿನ ಕಂಪನಗಳನ್ನೆಲ್ಲ ಕತ್ತರಿಸಿ ಬರೀ ಗುಡುಗಿನಂಥ ತಳದ ಸದ್ದು ಇಟ್ಟೆವು. ಹೆಡ್‌ಫೋನಿನಲ್ಲಿ ಮೈ ಜುಮ್ಮೆನ್ನುತ್ತಿತ್ತು. ಆದರೆ ಬಹಳ ಜನ ಕೇಳುವುದು ಅಡುಗೆ ಮನೆಯಲ್ಲಿ, ಮೊಬೈಲಿನ ಸ್ಪೀಕರಿನಲ್ಲಿ. ಆ ಪುಟ್ಟ ಸ್ಪೀಕರು 200 ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಚ್ಚೂಕಡಿಮೆ ನುಡಿಸುವುದೇ ಇಲ್ಲ. ಅವರಿಗೆ ಕಲ್ಲು ಮೂಕವಾಗಿತ್ತು! ಆಮೇಲೆ 400ರಿಂದ 1,000 ಹರ್ಟ್ಸ್ ನಡುವಿನ ಭಾಗವನ್ನು ಉಳಿಸಿಕೊಂಡೆವು. ಕಂತಿನಿಂದ ಕಂತಿಗೆ ಸ್ವಲ್ಪ ಸ್ವಲ್ಪವೇ ಮೇಲಿನದನ್ನೂ ಬಿಚ್ಚುತ್ತಾ ಹೋದೆವು. ಕೊನೆಯ ಕಂತಿನಲ್ಲಿ ಕಲ್ಲು ಸ್ಫಟಿಕದಷ್ಟು ಸ್ಪಷ್ಟ. ನೀವು ಮುಗಿಸಿದ ಮೇಲೆ ಕುಕ್ಕರ್ ಪಕ್ಕದಲ್ಲಿ ಮೊಬೈಲ್ ಇಟ್ಟು ಒಮ್ಮೆ ಕೇಳಲೇಬೇಕು.

ಕೊನೆಯ ಕಂತಿನಲ್ಲಿ ಮಾಚಬ್ಬೆಗೆ ಏನು ಕೇಳಿಸಬೇಕು ಅಂತ ತಿಂಗಳುಗಟ್ಟಲೆ ಯೋಚಿಸಿದೆವು. ಯುದ್ಧವಾ? ವಿಮಾನವಾ? ಉತ್ತರ ಸಿಕ್ಕಿದ್ದು ಶಾಲೆಯ ಪ್ರವಾಸದಲ್ಲಿ. ಮಕ್ಕಳು ಬಾವಿಯ ಮೆಟ್ಟಿಲು ಇಳಿಯುತ್ತಾ ಎಣಿಸುತ್ತಿದ್ದರು. ಒಂದು, ಎರಡು, ಮೂರು. ನಾನು ಸುಮ್ನೆ ನಿಂತುಬಿಟ್ಟೆ. ಈ ಪದಗಳು ಸಾವಿರ ವರ್ಷದಲ್ಲಿ ಹೆಚ್ಚು ಸವೆದಿಲ್ಲ. ಮಾಚಬ್ಬೆಗೆ ಅರ್ಥವಾಗುತ್ತವೆ. ಹಾರ್ನು, ಎಂಜಿನ್ನು ಯಾವುದೂ ಅರ್ಥವಾಗದವಳಿಗೆ ಇದು ಅರ್ಥವಾಗುತ್ತದೆ. ಆದರೆ ಹತ್ತಕ್ಕೆ ಬಂದಾಗ ಎಡವುತ್ತಾಳೆ. ಅವಳ ಕಾಲದಲ್ಲಿ ಅದು ಪತ್ತು. ಆಮೇಲೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಆದರೆ ಇಪ್ಪತ್ತರಲ್ಲಿ ಆ ಹಳೆಯ ಪ ಇನ್ನೂ ಕೂತಿದೆ.

ಹಾಗಾಗಿ ನಾಟಕದ ಕೊನೆಯಲ್ಲಿ ಹೆಬ್ಬಾತುಗಳು ಹಾದುಹೋಗುತ್ತವೆ. ಮಾಚಬ್ಬೆ ಕಲ್ಲಿಗೆ ಕಿವಿ ಹಚ್ಚುತ್ತಾಳೆ. ಮಕ್ಕಳು ಎಣಿಸುತ್ತಾ ಇಳಿಯುತ್ತಾರೆ. ಎಂಟು, ಒಂಬತ್ತು, ಹತ್ತು. ಅವಳು ಮೆಲ್ಲಗೆ, ತಿದ್ದುವ ಹಾಗೆ, "ಪತ್ತು" ಅನ್ನುತ್ತಾಳೆ. ಮಕ್ಕಳು ಮುಂದೆ ಎಣಿಸುತ್ತಾರೆ. ಇಪ್ಪತ್ತು ಬಂದಾಗ ಅವಳೂ ಅವರ ಜೊತೆಗೇ ಇಪ್ಪತ್ತು ಅನ್ನುತ್ತಾಳೆ. ಎರಡು ದನಿಗಳನ್ನೂ ಒಂದೇ ಕ್ಷಣಕ್ಕೆ ಕೂರಿಸಲು ನನಗೆ ಎರಡು ರಾತ್ರಿ ಹಿಡಿಯಿತು.

ಜನಕ್ಕೆ ಬಿಡುವ ಮುಂಚೆ ಒಬ್ಬ ಹಿರಿಯರಿಗೂ ಒಂದಿಷ್ಟು ಮಕ್ಕಳಿಗೂ ಕೇಳಿಸಿ. ಏನನ್ನಿಸಿತು ಅಂತ ಕೇಳಬೇಡಿ, ಮುಖ ನೋಡಿ. ಎಲ್ಲಿ ಕಣ್ಣು ಆಚೆ ಹೋಯಿತೋ ಆ ಜಾಗವನ್ನು ಗುರುತು ಮಾಡಿ, ಕತ್ತರಿಸಿ. ಅಪ್ಪ ಮಗ್ಗದಲ್ಲಿ ಕೂತೇ ಕೇಳಿದರು. ಮೂರನೆಯ ಕಂತಿನ ನಡುವೆ ಲಾಳಿ ಮತ್ತೆ ವೇಗ ಹಿಡಿಯಿತು. ಅಲ್ಲಿಂದ ಒಂದೂವರೆ ನಿಮಿಷ ತೆಗೆದೆ. ಕೊನೆಯ ಕಂತಿಗೆ ಮಗ್ಗ ನಿಂತಿತು.

ಆಮೇಲೆ ನನ್ನ ಒಂಬತ್ತನೆಯ ತರಗತಿಯವರಿಗೆ ಕೇಳಿಸಿದೆ. ಈ ವರ್ಷ ಅವರನ್ನು ಲಕ್ಕುಂಡಿಗೆ ಕರೆದುಕೊಂಡು ಹೋದೆ. ಮೆಟ್ಟಿಲು ಇಳಿಯುತ್ತಾ ಎಣಿಸಲು ಶುರು ಮಾಡಿದರು. ನಾನು ಏನೂ ಹೇಳಿರಲಿಲ್ಲ. ಒಂಬತ್ತರ ಆಮೇಲೆ ಎಲ್ಲರೂ ಒಂದು ಕ್ಷಣ ನಿಂತರು. ಒಟ್ಟಿಗೆ "ಪತ್ತು" ಅಂದರು. ಬಾವಿ ಅದನ್ನು ಇನ್ನೊಮ್ಮೆ ಹೇಳಿತು.